ವೈದ್ಯ-ವಿಜ್ಞಾನಿಗಳ ವೃತ್ತಿ ಅಭಿವೃದ್ಧಿ ನೆರವು

ವೈದ್ಯ-ವಿಜ್ಞಾನಿಗಳ ವೃತ್ತಿ ಅಭಿವೃದ್ಧಿ ನೆರವು ಎಂದರೆ ರೋಗಿಗಳ ಚಿಕಿತ್ಸೆಗೆ ಸಂಬಂಧಿಸಿದ ಸಂಶೋಧನೆಯನ್ನು ಕೈಗೊಳ್ಳಬಯಸುವ, ವೃತ್ತಿಯ ಆರಂಭದ ಹಂತದಲ್ಲಿರುವ ವೈದ್ಯರಿಗೂ ವಿಜ್ಞಾನಿಗಳಿಗೂ ಒದಗಿಸಲಾಗುವ ವೇತನ, ಮೀಸಲು ಸಮಯ, ಮಾರ್ಗದರ್ಶನ, ತರಬೇತಿ ಮತ್ತು ಸಂಶೋಧನಾ ವೆಚ್ಚಗಳ ಒಟ್ಟು ವ್ಯವಸ್ಥೆ. ಸರ್ಕಾರಗಳು, ವಿಶ್ವವಿದ್ಯಾಲಯಗಳು ಹಾಗೂ ದತ್ತಿ ಪ್ರತಿಷ್ಠಾನಗಳು ಈ ನೆರವನ್ನು ನೀಡುತ್ತವೆ. ಇಂತಹ ಯೋಜನೆಗಳಲ್ಲಿ ಹೆಚ್ಚು ವಿಸ್ತಾರವಾದುದು ಅಮೆರಿಕ ಸಂಯುಕ್ತ ಸಂಸ್ಥಾನದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು (ಎನ್‌ಐಎಚ್) ನೀಡುವ 'ಕೆ-ಅನುದಾನ'ಗಳ ಸರಣಿ. ಬ್ರಿಟನ್ನಿನಲ್ಲಿ 2005ರ ವಾಲ್‌ಪೋರ್ಟ್ ವರದಿಯ ನಂತರ ಹಾಗೂ ಭಾರತದಲ್ಲಿ 2008ರಲ್ಲಿ ಇಂಡಿಯಾ ಅಲಯನ್ಸ್ ಸ್ಥಾಪನೆಯಾದ ನಂತರ ಇದೇ ಉದ್ದೇಶದ ಯೋಜನೆಗಳು ರೂಪುಗೊಂಡವು.

ಯೋಜನೆಗಳ ಹೆಸರು ಮತ್ತು ನಿಯಮಗಳು ದೇಶದಿಂದ ದೇಶಕ್ಕೆ ಬೇರೆಯಾದರೂ ಅವೆಲ್ಲವೂ ಮುಖ್ಯವಾಗಿ ಪರಿಹರಿಸಲೆತ್ನಿಸುವ ಕೊರತೆ ಒಂದೇ: ಯುವ ವೈದ್ಯನಿಗೆ ಸಂಶೋಧನೆಗಾಗಿ ಸಮಯ ದೊರೆಯದಿರುವುದು.

ಪರಿಭಾಷೆ

ಚಿಕಿತ್ಸೆ ನೀಡುವ ಅರ್ಹತೆಯುಳ್ಳ ಹಾಗೂ ತನ್ನ ವೃತ್ತಿಜೀವನದ ಗಣನೀಯ ಭಾಗವನ್ನು ಸಂಶೋಧನೆಗೆ ಮೀಸಲಿಡುವ ವ್ಯಕ್ತಿಯನ್ನು ವೈದ್ಯ-ವಿಜ್ಞಾನಿ ಎಂದು ಕರೆಯಲಾಗುತ್ತದೆ. ಮನುಷ್ಯರನ್ನು ಅಥವಾ ಅವರ ರೋಗದ ದಾಖಲೆ, ರಕ್ತ, ಅಂಗಾಂಶ ಮುಂತಾದವುಗಳನ್ನು ನೇರವಾಗಿ ಅಧ್ಯಯನ ಮಾಡುವುದು ಕ್ಲಿನಿಕಲ್ ಸಂಶೋಧನೆ. ಪ್ರಯೋಗಾಲಯದಲ್ಲಿ ಕಂಡುಕೊಂಡ ಸಂಗತಿಯನ್ನು ಔಷಧ, ಲಸಿಕೆ, ಪರೀಕ್ಷೆ ಅಥವಾ ಚಿಕಿತ್ಸಾ ಕ್ರಮವನ್ನಾಗಿ ಮಾರ್ಪಡಿಸಿ ರೋಗಿಯವರೆಗೂ, ಅಲ್ಲಿಂದ ಇಡೀ ಸಮುದಾಯದವರೆಗೂ ತಲುಪಿಸುವ ಸಂಶೋಧನೆಗೆ ಟ್ರಾನ್ಸ್‌ಲೇಷನಲ್ ಸಂಶೋಧನೆ ಎಂದು ಹೆಸರು.

ಈ ಎರಡನೆಯ ಬಗೆಗೆ ಓಆರ್‌ಎಸ್ ದ್ರಾವಣ ಉತ್ತಮ ನಿದರ್ಶನ. ಸಣ್ಣಕರುಳು ಗ್ಲೂಕೋಸನ್ನು ಸೋಡಿಯಮ್ ಜೊತೆಯಲ್ಲಿಯೇ ಹೀರಿಕೊಳ್ಳುತ್ತದೆ ಎಂಬ ವಿವರಣೆಯನ್ನು ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ 1960ರಲ್ಲಿ ಮಂಡಿಸಿದರು. ನಂತರದ ವರ್ಷಗಳಲ್ಲಿ ಢಾಕಾ ಮತ್ತು ಕಲ್ಕತ್ತಾಗಳಲ್ಲಿ ಕಾಲರಾ ರೋಗಿಗಳ ಮೇಲೆ ನಡೆದ ಅಧ್ಯಯನಗಳು, ಸಕ್ಕರೆ ಮತ್ತು ಉಪ್ಪು ಬೆರೆಸಿದ ನೀರನ್ನು ಬಾಯಿಯ ಮೂಲಕ ಕುಡಿಸಿ ನಿರ್ಜಲೀಕರಣವನ್ನು ತಡೆಯಬಹುದೆಂದು ತೋರಿಸಿದವು. 1971ರಲ್ಲಿ ಬಾಂಗ್ಲಾದೇಶದ ವಿಮೋಚನಾ ಯುದ್ಧದ ಸಂದರ್ಭದಲ್ಲಿ, ಪಶ್ಚಿಮ ಬಂಗಾಳದ ಬನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ವೈದ್ಯ ದಿಲೀಪ್ ಮಹಲನೊಬಿಸ್ ಈ ದ್ರಾವಣವನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದರು. ಶೇಕಡಾ 30ರಷ್ಟಿದ್ದ ಸಾವಿನ ಪ್ರಮಾಣ ಶೇಕಡಾ 4ಕ್ಕಿಂತ ಕೆಳಗಿಳಿಯಿತು. ಪ್ರಯೋಗಾಲಯದ ಅರಿವನ್ನೂ ಹಾಸಿಗೆಯಲ್ಲಿರುವ ರೋಗಿಯ ಸ್ಥಿತಿಯನ್ನೂ ಬಲ್ಲವರು ಇದ್ದುದರಿಂದಲೇ ಇದು ಸಾಧ್ಯವಾಯಿತು. ಅಂತಹವರನ್ನು ತಯಾರುಮಾಡುವುದು ಮತ್ತು ಸಂಶೋಧನೆಯಲ್ಲಿ ಉಳಿಸಿಕೊಳ್ಳುವುದು ವೃತ್ತಿ ಅಭಿವೃದ್ಧಿ ನೆರವಿನ ಗುರಿಯಾಗಿದೆ.

ನೆರವಿನ ಅಗತ್ಯ

ವೈದ್ಯ-ವಿಜ್ಞಾನಿಯ ಶಿಕ್ಷಣ ದೀರ್ಘವಾದುದು. ಅಮೆರಿಕದಲ್ಲಿ ನಾಲ್ಕು ವರ್ಷಗಳ ಪದವಿ, ನಾಲ್ಕು ವರ್ಷಗಳ ವೈದ್ಯಕೀಯ ಶಿಕ್ಷಣ, ಅನಂತರ ಮೂರರಿಂದ ಏಳು ವರ್ಷಗಳ ಆಸ್ಪತ್ರೆಯ ತರಬೇತಿ, ಅದರ ಮೇಲೆ ಉಪವಿಶೇಷ ವಿಭಾಗದ ತರಬೇತಿ ಇರುತ್ತದೆ. ಭಾರತದಲ್ಲಿ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷಗಳ ಎಂಬಿಬಿಎಸ್, ಮೂರು ವರ್ಷಗಳ ಎಂ.ಡಿ. ಅಥವಾ ಎಂ.ಎಸ್., ಬಯಸಿದರೆ ಮತ್ತೆ ಮೂರು ವರ್ಷಗಳ ಡಿ.ಎಂ. ಅಥವಾ ಎಂ.ಸಿ.ಎಚ್. ಇವೆಲ್ಲವನ್ನೂ ಮುಗಿಸುವ ವೇಳೆಗೆ ವೈದ್ಯನಿಗೆ ಮೂವತ್ತು ವರ್ಷ ದಾಟಿರುತ್ತದೆ. ಸಂಶೋಧನೆಯ ನಿಜವಾದ ಕಲಿಕೆ ಅಲ್ಲಿಂದ ಆರಂಭವಾಗಬೇಕು.

ಇದೇ ವಯಸ್ಸಿನಲ್ಲಿ ಮೂರು ಒತ್ತಡಗಳು ಒಟ್ಟಿಗೆ ಬರುತ್ತವೆ. ಮೊದಲನೆಯದು ಆರ್ಥಿಕ ಒತ್ತಡ. ಅಮೆರಿಕದಲ್ಲಿ ವೈದ್ಯಕೀಯ ಶಿಕ್ಷಣಕ್ಕಾಗಿ ಮಾಡಿದ ಸಾಲವನ್ನು ತೀರಿಸಬೇಕಿರುತ್ತದೆ. ಚಿಕಿತ್ಸೆಯಲ್ಲಿಯೇ ತೊಡಗಿದವರ ಗಳಿಕೆ ಸಂಶೋಧಕರ ಗಳಿಕೆಗಿಂತ ಬಹಳ ಹೆಚ್ಚು. ಎರಡನೆಯದು ಆಸ್ಪತ್ರೆಯ ಒತ್ತಡ. ಹೊಸದಾಗಿ ಸೇರಿದ ವೈದ್ಯರಿಗೆ ಹೊರರೋಗಿ ವಿಭಾಗ, ರಾತ್ರಿ ಪಾಳಿ, ಬೋಧನೆ ಎಲ್ಲವನ್ನೂ ವಹಿಸಲಾಗುತ್ತದೆ. ರೋಗಿ ಕಾಯಲಾರ, ಸಂಶೋಧನೆ ಕಾಯಬಲ್ಲದು ಎಂಬ ಕಾರಣದಿಂದ ಮುಂದೂಡಲ್ಪಡುವುದು ಯಾವಾಗಲೂ ಸಂಶೋಧನೆಯೇ. ಮೂರನೆಯದು ಕೌಟುಂಬಿಕ ಒತ್ತಡ. ಮದುವೆ, ಮಕ್ಕಳ ಪಾಲನೆ, ವಯಸ್ಸಾದ ತಂದೆತಾಯಿಯರ ಆರೈಕೆ ಇದೇ ಅವಧಿಯಲ್ಲಿ ಬರುತ್ತವೆ.

ಇದರ ಪರಿಣಾಮವಾಗಿ ಸಂಶೋಧನೆಯಲ್ಲಿ ಆಸಕ್ತಿಯಿದ್ದ ಅನೇಕರು ಒಂದೊಂದು ಹಂತದಲ್ಲಿ ಅದನ್ನು ಬಿಟ್ಟು ಹೋಗುತ್ತಾರೆ. ವಿಜ್ಞಾನ ನೀತಿಯ ಬರಹಗಳಲ್ಲಿ ಇದನ್ನು 'ಸೋರುವ ಕೊಳವೆ' ಎಂದು ವರ್ಣಿಸಲಾಗುತ್ತದೆ. ಎನ್‌ಐಎಚ್ 2014ರಲ್ಲಿ ಪ್ರಕಟಿಸಿದ ವೈದ್ಯ-ವಿಜ್ಞಾನಿ ಕಾರ್ಯಪಡೆಯ ವರದಿಯ ಪ್ರಕಾರ, ಅಮೆರಿಕದ ವೈದ್ಯರಲ್ಲಿ ಸಂಶೋಧನೆಯನ್ನು ಮುಖ್ಯ ಕೆಲಸವೆಂದು ಹೇಳಿಕೊಂಡವರು ಸುಮಾರು 14,000 ಮಂದಿ, ಅಂದರೆ ಒಟ್ಟು ವೈದ್ಯರಲ್ಲಿ ಸುಮಾರು ಶೇಕಡಾ 1.5 ಮಾತ್ರ. ಅವರಲ್ಲಿ ಹಿರಿಯರ ಪಾಲು ಹೆಚ್ಚುತ್ತಿರುವುದನ್ನೂ ವರದಿ ಗುರುತಿಸಿತು.

ಅಮೆರಿಕದಲ್ಲಿ ಬೆಳವಣಿಗೆ

ಆರಂಭದ ಯೋಜನೆಗಳು

ಎರಡನೆಯ ಮಹಾಯುದ್ಧದ ನಂತರ ಎನ್‌ಐಎಚ್‌ನ ಆಯವ್ಯಯ ವೇಗವಾಗಿ ಬೆಳೆಯಿತು. 1960ರ ದಶಕದ ಆರಂಭದಲ್ಲಿ ಸಂಶೋಧನಾ ವೃತ್ತಿಯನ್ನೇ ಉದ್ದೇಶವಾಗಿರಿಸಿಕೊಂಡ ಅನುದಾನಗಳು ಜಾರಿಗೆ ಬಂದವು. ಇವುಗಳ ಸಂಕೇತಾಕ್ಷರ ಇಂಗ್ಲಿಷಿನ 'ಕೆ' ಆಗಿದ್ದುದರಿಂದ ಇಡೀ ಸರಣಿಗೆ ಕೆ-ಅನುದಾನಗಳೆಂಬ ಹೆಸರು ಬಂದಿತು. 1964ರಲ್ಲಿ ವೈದ್ಯಕೀಯ ಪದವಿಯನ್ನೂ ಪಿಎಚ್.ಡಿ. ಪದವಿಯನ್ನೂ ಒಟ್ಟಿಗೆ ನೀಡುವ 'ವೈದ್ಯಕೀಯ ವಿಜ್ಞಾನಿ ತರಬೇತಿ ಕಾರ್ಯಕ್ರಮ' ಮೂರು ಸಂಸ್ಥೆಗಳಲ್ಲಿ ಆರಂಭವಾಯಿತು. ಮುಂದೆ ಅದು ಹತ್ತಾರು ವಿಶ್ವವಿದ್ಯಾಲಯಗಳಿಗೆ ಹರಡಿತು.

1979ರ ಎಚ್ಚರಿಕೆ

ವೈದ್ಯ ಜೇಮ್ಸ್ ವಿನ್‌ಗಾರ್ಡನ್ 1979ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವೊಂದು ಈ ವಿಷಯದ ಚರ್ಚೆಗೆ ತಿರುವು ನೀಡಿತು. ಸಂಶೋಧನಾ ತರಬೇತಿಗೆ ಬರುವ ವೈದ್ಯರ ಸಂಖ್ಯೆ ಕುಸಿಯುತ್ತಿರುವುದನ್ನು ಅಂಕಿಅಂಶಗಳಿಂದ ತೋರಿಸಿದ ಅವರು, ಕ್ಲಿನಿಕಲ್ ಸಂಶೋಧಕನನ್ನು ಅಳಿವಿನಂಚಿನಲ್ಲಿರುವ ಜೀವಿಗೆ ಹೋಲಿಸಿದರು. ವಿನ್‌ಗಾರ್ಡನ್ 1982ರಿಂದ 1989ರವರೆಗೆ ಎನ್‌ಐಎಚ್‌ನ ನಿರ್ದೇಶಕರಾಗಿದ್ದರು. ಅವರು ಬಳಸಿದ ಹೋಲಿಕೆ ಇಂದಿಗೂ ಈ ಕ್ಷೇತ್ರದ ಬರಹಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ.

ನೇಥನ್ ಸಮಿತಿ

1990ರ ದಶಕದಲ್ಲಿ ಅಣುಜೀವಶಾಸ್ತ್ರ ಶೀಘ್ರವಾಗಿ ಮುಂದುವರಿದರೂ ಅದರ ಫಲ ರೋಗಿಗಳಿಗೆ ಅದೇ ವೇಗದಲ್ಲಿ ತಲುಪುತ್ತಿಲ್ಲವೆಂಬ ಅಸಮಾಧಾನ ಬೆಳೆಯಿತು. ಆಗಿನ ನಿರ್ದೇಶಕ ಹೆರಾಲ್ಡ್ ವಾರ್ಮಸ್ ಅವರು ಮಕ್ಕಳ ರಕ್ತರೋಗ ತಜ್ಞ ಡೇವಿಡ್ ನೇಥನ್ ಅವರ ಅಧ್ಯಕ್ಷತೆಯಲ್ಲಿ ಕ್ಲಿನಿಕಲ್ ಸಂಶೋಧನೆಯ ಕುರಿತು ಸಮಿತಿಯೊಂದನ್ನು ನೇಮಿಸಿದರು. 1997ರಲ್ಲಿ ಸಲ್ಲಿಕೆಯಾದ ಸಮಿತಿಯ ವರದಿಯ ಫಲವಾಗಿ ಮೂರು ಹೊಸ ಅನುದಾನಗಳು ಬಂದವು. ರೋಗಿಗಳನ್ನು ನೇರವಾಗಿ ಅಧ್ಯಯನ ಮಾಡುವ ಯುವ ಸಂಶೋಧಕರಿಗೆ ಕೆ23, ಅವರಿಗೆ ಮಾರ್ಗದರ್ಶನ ಮಾಡುವ ಮಧ್ಯಮ ಹಂತದ ಸಂಶೋಧಕರಿಗೆ ಕೆ24 ಹಾಗೂ ಸಂಶೋಧನಾ ವಿಧಾನಗಳ ಪಠ್ಯಕ್ರಮ ರೂಪಿಸುವ ಸಂಸ್ಥೆಗಳಿಗೆ ಕೆ30. ಕಲಿಯುವವನಿಗೆ ಮಾತ್ರವಲ್ಲದೆ ಕಲಿಸುವವನಿಗೂ ಸಮಯ ಬೇಕು ಎಂಬುದನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು ಈ ಸುಧಾರಣೆಯ ವಿಶೇಷ.

ಸಿಟಿಎಸ್‌ಎ ಜಾಲ

ಎಲಿಯಾಸ್ ಜೆರ್ಹೌನಿ ಅವರು ನಿರ್ದೇಶಕರಾಗಿದ್ದಾಗ, 2006ರಲ್ಲಿ, 'ಕ್ಲಿನಿಕಲ್ ಮತ್ತು ಟ್ರಾನ್ಸ್‌ಲೇಷನಲ್ ವಿಜ್ಞಾನ ಅನುದಾನ'ಗಳು (ಸಿಟಿಎಸ್‌ಎ) ಆರಂಭವಾದವು. ಮೊದಲಿಗೆ 12 ಸಂಸ್ಥೆಗಳಿಗೆ ದೊರೆತ ಈ ಅನುದಾನ ನಂತರ ಸುಮಾರು 60 ಕೇಂದ್ರಗಳಿಗೆ ವಿಸ್ತರಿಸಿತು. ಪ್ರತಿ ಕೇಂದ್ರವೂ ಸಂಖ್ಯಾಶಾಸ್ತ್ರಜ್ಞರ ಸಲಹೆ, ರೋಗಿಗಳ ನೋಂದಣಿಗೆ ಸಹಾಯ, ನೈತಿಕ ಸಮಿತಿಯ ಅನುಮತಿ ಪಡೆಯಲು ನೆರವು ಮುಂತಾದ ಸೌಲಭ್ಯಗಳನ್ನು ಒಂದೇ ಸೂರಿನಡಿ ಒದಗಿಸುತ್ತದೆ. ಜೊತೆಗೆ ತನ್ನದೇ ಯುವ ಸಂಶೋಧಕರನ್ನು ಆಯ್ದು ನೆರವು ನೀಡುವ ಅಧಿಕಾರವನ್ನೂ ಹೊಂದಿರುತ್ತದೆ. ಈ ಭಾಗ ದೀರ್ಘಕಾಲ ಕೆಎಲ್2 ಎಂಬ ಹೆಸರಿನಿಂದ ಪರಿಚಿತವಾಗಿತ್ತು. 2011ರ ಡಿಸೆಂಬರಿನಲ್ಲಿ ಎನ್‌ಐಎಚ್‌ನೊಳಗೆ ಟ್ರಾನ್ಸ್‌ಲೇಷನಲ್ ವಿಜ್ಞಾನಕ್ಕೆಂದೇ ರಾಷ್ಟ್ರೀಯ ಕೇಂದ್ರವೊಂದು ಸ್ಥಾಪನೆಯಾಗಿ, ಈ ಜಾಲದ ಹೊಣೆ ಅದಕ್ಕೆ ವರ್ಗಾವಣೆಯಾಯಿತು.

ಪ್ರಮುಖ ಕೆ-ಅನುದಾನಗಳು

ಕೆ08: ಪ್ರಯೋಗಾಲಯ ಅಥವಾ ಟ್ರಾನ್ಸ್‌ಲೇಷನಲ್ ಸಂಶೋಧನೆ ಕೈಗೊಳ್ಳುವ ವೈದ್ಯರಿಗೆ. ಅವಧಿ 3ರಿಂದ 5 ವರ್ಷ.

ಕೆ23: ರೋಗಿಗಳನ್ನು ನೇರವಾಗಿ ಒಳಗೊಳ್ಳುವ ಸಂಶೋಧನೆಗೆ. ಅವಧಿ 3ರಿಂದ 5 ವರ್ಷ.

ಕೆ24: ಕಿರಿಯರಿಗೆ ಮಾರ್ಗದರ್ಶನ ನೀಡುವ, ಮಧ್ಯಮ ಹಂತದ ಕ್ಲಿನಿಕಲ್ ಸಂಶೋಧಕರಿಗೆ.

ಕೆ12 ಮತ್ತು ಕೆಎಲ್2: ವ್ಯಕ್ತಿಗೆ ನೇರವಾಗಿ ನೀಡದೆ ಸಂಸ್ಥೆಗೆ ನೀಡುವ ಅನುದಾನ. ಸಂಸ್ಥೆಯು ತನ್ನಲ್ಲಿನ ಅಭ್ಯರ್ಥಿಗಳನ್ನು ಆಯ್ಕೆ ಮಾಡುತ್ತದೆ.

ಕೆ99/ಆರ್00: 2006ರಲ್ಲಿ ಆರಂಭವಾದ 'ಸ್ವಾತಂತ್ರ್ಯದತ್ತ ದಾರಿ' ಅನುದಾನ. ಮೊದಲ ಎರಡು ವರ್ಷಗಳವರೆಗೆ ಮಾರ್ಗದರ್ಶಕರ ಅಧೀನದಲ್ಲಿ, ಅನಂತರ ಮೂರು ವರ್ಷಗಳವರೆಗೆ ಸ್ವತಂತ್ರ ಬೋಧಕ ಹುದ್ದೆಯಲ್ಲಿ ನೆರವು ದೊರೆಯುತ್ತದೆ. ಬಹುತೇಕ ಕೆ-ಅನುದಾನಗಳಿಗೆ ಅಮೆರಿಕದ ಪೌರತ್ವ ಅಥವಾ ಕಾಯಂ ನಿವಾಸದ ಹಕ್ಕು ಕಡ್ಡಾಯ. ಕೆ99 ಇದಕ್ಕೆ ಅಪವಾದವಾದುದರಿಂದ ಭಾರತವೂ ಸೇರಿದಂತೆ ಬೇರೆ ದೇಶಗಳಿಂದ ಹೋದ ಸಂಶೋಧಕರಿಗೆ ಅದು ಮುಖ್ಯವಾದುದು.

ಈ ಎಲ್ಲ ಅನುದಾನಗಳ ಅಂತಿಮ ಗುರಿ, ಸಂಶೋಧಕನು ಆರ್01 ಎಂಬ ಸ್ವತಂತ್ರ ಅನುದಾನವನ್ನು ಪಡೆಯುವ ಮಟ್ಟಕ್ಕೆ ಬರುವುದು. ಆರ್01 ಪಡೆದವನು ತನ್ನದೇ ಪ್ರಶ್ನೆಯನ್ನು ತನ್ನದೇ ತಂಡದೊಂದಿಗೆ ಅನುಸರಿಸಬಲ್ಲ ಸಂಶೋಧಕನೆಂದು ಪರಿಗಣಿಸಲ್ಪಡುತ್ತಾನೆ.

ನೆರವಿನ ಅಂಗಗಳು

ಮೀಸಲು ಸಮಯ

ಕೆ08 ಮತ್ತು ಕೆ23ರ ಮುಖ್ಯ ಷರತ್ತು, ಅಭ್ಯರ್ಥಿಯು ತನ್ನ ವೃತ್ತಿಪರ ಸಮಯದ ಕನಿಷ್ಠ ಶೇಕಡಾ 75 ಭಾಗವನ್ನು, ಅಂದರೆ ವರ್ಷದಲ್ಲಿ ಒಂಬತ್ತು ತಿಂಗಳಿಗೆ ಸಮನಾದ ದುಡಿಮೆಯನ್ನು, ಸಂಶೋಧನೆಗೂ ತರಬೇತಿಗೂ ಮೀಸಲಿಡಬೇಕು ಎಂಬುದು. ಕೈಚಳಕ ಕಳೆದುಕೊಳ್ಳಬಾರದ ಶಸ್ತ್ರಚಿಕಿತ್ಸಕರಿಗೆ ಕೆಲವು ಉಪಸಂಸ್ಥೆಗಳು ಇದನ್ನು ಶೇಕಡಾ 50ಕ್ಕೆ ಇಳಿಸಿವೆ. ಅನುದಾನದ ಹಣದಲ್ಲಿ ಬಹುಪಾಲು ವೈದ್ಯನ ಸ್ವಂತ ವೇತನಕ್ಕೆ ಸಲ್ಲುತ್ತದೆ. ಆ ವೇತನಕ್ಕಾಗಿ ಅವನು ರೋಗಿಗಳನ್ನು ನೋಡಿ ಆಸ್ಪತ್ರೆಗೆ ಆದಾಯ ತರಬೇಕಾದ ಅನಿವಾರ್ಯ ತಪ್ಪುತ್ತದೆ. ಹೀಗೆ ಈ ಅನುದಾನವು ಆಸ್ಪತ್ರೆಯಿಂದ ವೈದ್ಯನ ಸಮಯವನ್ನು ಕೊಂಡು ಅವನಿಗೇ ಹಿಂತಿರುಗಿಸುವ ವ್ಯವಸ್ಥೆಯಾಗಿದೆ.

ಆದರೆ ಕಾಗದದ ಮೇಲಿನ ಶೇಕಡಾವಾರು ವಾರ್ಡಿನಲ್ಲಿ ಹಾಗೆಯೇ ಉಳಿಯುವುದಿಲ್ಲ. ಸಹೋದ್ಯೋಗಿ ರಜೆ ಹಾಕಿದಾಗ, ಸಾಂಕ್ರಾಮಿಕ ಹರಡಿದಾಗ, ಹುದ್ದೆ ಖಾಲಿಯಾದಾಗ ಮೊದಲು ಕರೆ ಬರುವುದು ಸಂಶೋಧನೆಯಲ್ಲಿರುವ ಕಿರಿಯ ವೈದ್ಯನಿಗೆ. ಆದುದರಿಂದ ಮೀಸಲು ಸಮಯವನ್ನು ಕಾಪಾಡುವುದಾಗಿ ವಿಭಾಗದ ಮುಖ್ಯಸ್ಥರು ಲಿಖಿತ ಭರವಸೆ ನೀಡಬೇಕೆಂದು ನಿಯಮ ವಿಧಿಸಲಾಗಿದೆ.

ಮಾರ್ಗದರ್ಶನ

ಅಭ್ಯರ್ಥಿಗೆ ಒಬ್ಬ ಮುಖ್ಯ ಮಾರ್ಗದರ್ಶಕರು ಇರಬೇಕು. ಸಾಮಾನ್ಯವಾಗಿ ವಿಷಯ, ಸಂಖ್ಯಾಶಾಸ್ತ್ರ, ಸಂಶೋಧನಾ ವಿಧಾನ ಮುಂತಾದವುಗಳಿಗೆ ಸಹಮಾರ್ಗದರ್ಶಕರೂ ಸೇರಿ ಸಮಿತಿಯೊಂದು ರಚನೆಯಾಗುತ್ತದೆ. ಅಧ್ಯಯನದ ವಿನ್ಯಾಸವನ್ನು ತಿದ್ದುವುದು, ಪ್ರಬಂಧಗಳನ್ನು ಓದುವುದು, ಕ್ಷೇತ್ರದ ಇತರರಿಗೆ ಪರಿಚಯಿಸುವುದು, ಅನುದಾನದ ಅರ್ಜಿ ತಿರಸ್ಕೃತವಾದಾಗ ಮತ್ತೆ ಬರೆಯಲು ಹುರಿದುಂಬಿಸುವುದು ಇವರ ಕೆಲಸ.

ಮಾರ್ಗದರ್ಶನವನ್ನು ಕಲಿಸಬಹುದೇ ಎಂಬ ಪ್ರಶ್ನೆಯನ್ನು ಪರೀಕ್ಷಿಸಲು ಅಮೆರಿಕದಲ್ಲಿ ಯಾದೃಚ್ಛಿಕ ನಿಯಂತ್ರಿತ ಪ್ರಯೋಗವೊಂದು ನಡೆದು, 2014ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. 16 ಸಂಸ್ಥೆಗಳ 283 ಮಾರ್ಗದರ್ಶಕರಲ್ಲಿ ಒಂದು ಗುಂಪಿಗೆ ಎಂಟು ಗಂಟೆಗಳ ತರಬೇತಿ ನೀಡಲಾಯಿತು. ತರಬೇತಿ ಪಡೆದವರ ಮಾರ್ಗದರ್ಶನ ಕೌಶಲ ಹೆಚ್ಚಿದುದು ಅವರದೇ ಮೌಲ್ಯಮಾಪನದಲ್ಲಿ ಕಂಡುಬಂದಿತು.

ತರಬೇತಿ

ವೈದ್ಯಕೀಯ ಶಿಕ್ಷಣವು ರೋಗ ಪತ್ತೆಹಚ್ಚುವುದನ್ನೂ ಚಿಕಿತ್ಸೆಯನ್ನೂ ಕಲಿಸುತ್ತದೆಯೇ ಹೊರತು ಸಂಶೋಧನೆಯ ವಿಧಾನವನ್ನು ವಿವರವಾಗಿ ಕಲಿಸುವುದಿಲ್ಲ. ಆದುದರಿಂದ ಜೈವಿಕ ಸಂಖ್ಯಾಶಾಸ್ತ್ರ, ಸೋಂಕುಶಾಸ್ತ್ರ, ಕ್ಲಿನಿಕಲ್ ಪ್ರಯೋಗಗಳ ವಿನ್ಯಾಸ, ಸಂಶೋಧನಾ ನೀತಿ, ವೈಜ್ಞಾನಿಕ ಬರವಣಿಗೆ ಮುಂತಾದ ವಿಷಯಗಳು ನೆರವಿನ ಭಾಗವಾಗಿವೆ. ಅನೇಕ ವಿಶ್ವವಿದ್ಯಾಲಯಗಳು ಇವನ್ನು ಸೇರಿಸಿ ಕ್ಲಿನಿಕಲ್ ಸಂಶೋಧನೆಯಲ್ಲಿ ಸ್ನಾತಕೋತ್ತರ ಪದವಿಯನ್ನೇ ನೀಡುತ್ತವೆ.

ಸಾಲದ ಮರುಪಾವತಿ

ಶಿಕ್ಷಣ ಸಾಲದ ಹೊರೆಯಿಂದ ಸಂಶೋಧನೆ ಬಿಡುವವರನ್ನು ಉಳಿಸಿಕೊಳ್ಳಲು ಎನ್‌ಐಎಚ್ 2000ದ ದಶಕದ ಆರಂಭದಿಂದ ಸಾಲ ಮರುಪಾವತಿ ಯೋಜನೆಯನ್ನು ನಡೆಸುತ್ತಿದೆ. ವಾರಕ್ಕೆ ಸರಾಸರಿ 20 ಗಂಟೆ ಅರ್ಹ ಸಂಶೋಧನೆಯಲ್ಲಿ ತೊಡಗಿದವರ ಸಾಲಕ್ಕೆ ಮೊದಲು ವಾರ್ಷಿಕ 35,000 ಡಾಲರ್‌ವರೆಗೆ, ನಂತರ 50,000 ಡಾಲರ್‌ವರೆಗೆ ಹಣ ಪಾವತಿಯಾಗುತ್ತದೆ.

ಅರ್ಜಿ ಮತ್ತು ಮೌಲ್ಯಮಾಪನ

ಸಾಮಾನ್ಯ ಸಂಶೋಧನಾ ಅನುದಾನದಲ್ಲಿ ಯೋಜನೆಯ ಗುಣಮಟ್ಟಕ್ಕೆ ಪ್ರಧಾನ ಸ್ಥಾನವಿದ್ದರೆ, ಕೆ-ಅನುದಾನದಲ್ಲಿ ವ್ಯಕ್ತಿಯ ಬೆಳವಣಿಗೆಯ ಸಾಧ್ಯತೆಗೂ ಅಷ್ಟೇ ಮಹತ್ವವಿದೆ. ತಜ್ಞರ ಸಮಿತಿ ಐದು ಅಂಶಗಳನ್ನು ಪರಿಶೀಲಿಸುತ್ತದೆ: ಅಭ್ಯರ್ಥಿ, ವೃತ್ತಿ ಅಭಿವೃದ್ಧಿಯ ಯೋಜನೆ, ಸಂಶೋಧನಾ ಯೋಜನೆ, ಮಾರ್ಗದರ್ಶಕರು, ಹಾಗೂ ಸಂಸ್ಥೆಯ ವಾತಾವರಣ ಮತ್ತು ಬದ್ಧತೆ. ಅಂಕಗಳನ್ನು 1ರಿಂದ 9ರವರೆಗೆ ನೀಡಲಾಗುತ್ತದೆ, 1 ಅತ್ಯುತ್ತಮ. ಅಭ್ಯರ್ಥಿಯು ತನಗೆ ಈಗ ಏನು ತಿಳಿಯದು, ಅದನ್ನು ಯಾರಿಂದ, ಎಷ್ಟು ಕಾಲದಲ್ಲಿ ಕಲಿಯುವೆನು ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕಾಗುತ್ತದೆ. ತನ್ನ ಕೊರತೆಯನ್ನು ಒಪ್ಪಿಕೊಂಡು ಬರೆಯುವುದು ಇಲ್ಲಿ ಅರ್ಜಿಯ ಬಲವೆನಿಸುತ್ತದೆ. ತಿರಸ್ಕೃತವಾದ ಅರ್ಜಿಯನ್ನು ತಜ್ಞರ ಟಿಪ್ಪಣಿಗಳ ಆಧಾರದ ಮೇಲೆ ಪರಿಷ್ಕರಿಸಿ ಮತ್ತೆ ಸಲ್ಲಿಸಲು ಅವಕಾಶವಿದೆ.

ಸ್ವತಂತ್ರ ಅನುದಾನದ ಹಂತದಲ್ಲಿ, ಅಂತಿಮ ಪದವಿ ಅಥವಾ ವೈದ್ಯಕೀಯ ತರಬೇತಿ ಮುಗಿದು ಹತ್ತು ವರ್ಷಗಳೊಳಗಿರುವವರನ್ನು ಎನ್‌ಐಎಚ್ 'ಆರಂಭಿಕ ಹಂತದ ಸಂಶೋಧಕ'ರೆಂದು ಗುರುತಿಸಿ ಆದ್ಯತೆ ನೀಡುತ್ತದೆ. ಹೆರಿಗೆ, ಅನಾರೋಗ್ಯ, ಕುಟುಂಬದ ಆರೈಕೆ ಮುಂತಾದ ಕಾರಣಗಳಿಗೆ ಈ ಅವಧಿಯನ್ನು ವಿಸ್ತರಿಸಬಹುದಾಗಿದೆ.

ಬ್ರಿಟನ್ನಿನ ಮಾದರಿ

ಅಮೆರಿಕದಲ್ಲಿ ವೈದ್ಯನು ತರಬೇತಿ ಮುಗಿಸಿದ ನಂತರ ಅನುದಾನಕ್ಕಾಗಿ ಸ್ಪರ್ಧಿಸಿದರೆ, ಬ್ರಿಟನ್ನಿನಲ್ಲಿ ಸಂಶೋಧನೆಯನ್ನು ವೈದ್ಯಕೀಯ ತರಬೇತಿಯೊಳಗೇ ಹೆಣೆಯುವ ಕ್ರಮವನ್ನು ಅನುಸರಿಸಲಾಯಿತು. ಮಾರ್ಕ್ ವಾಲ್‌ಪೋರ್ಟ್ ಅವರ ನೇತೃತ್ವದ ಸಮಿತಿ 2005ರಲ್ಲಿ ನೀಡಿದ ವರದಿ, ವೈದ್ಯ-ವಿಜ್ಞಾನಿಯಾಗಲು ಸ್ಪಷ್ಟವಾದ ವೃತ್ತಿಮಾರ್ಗವೇ ಇಲ್ಲದಿರುವುದು ಮುಖ್ಯ ಅಡ್ಡಿಯೆಂದು ಗುರುತಿಸಿತು. 2006ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಆರೋಗ್ಯ ಸಂಶೋಧನಾ ಸಂಸ್ಥೆ (ಎನ್‌ಐಎಚ್‌ಆರ್) ಇಂಗ್ಲೆಂಡಿನಲ್ಲಿ ಈ ಮಾರ್ಗವನ್ನು ರೂಪಿಸಿತು.

ಇದರ ಮೊದಲ ಮೆಟ್ಟಿಲು 'ಅಕಾಡೆಮಿಕ್ ಕ್ಲಿನಿಕಲ್ ಫೆಲೋಶಿಪ್'. ಸಾಮಾನ್ಯವಾಗಿ ಮೂರು ವರ್ಷಗಳ ಈ ಹುದ್ದೆಯಲ್ಲಿ ಶೇಕಡಾ 25 ಸಮಯ ಸಂಶೋಧನೆಗೆ, ಉಳಿದುದು ಚಿಕಿತ್ಸೆಗೆ. ಈ ಅವಧಿಯಲ್ಲಿ ವೈದ್ಯನು ಪಿಎಚ್.ಡಿ. ಮಾಡಲು ಬೇಕಾದ ಫೆಲೋಶಿಪ್‌ಗೆ ಅರ್ಜಿ ಸಿದ್ಧಪಡಿಸುತ್ತಾನೆ. ಪಿಎಚ್.ಡಿ. ನಂತರದ ಮೆಟ್ಟಿಲು 'ಕ್ಲಿನಿಕಲ್ ಲೆಕ್ಚರರ್' ಹುದ್ದೆ. ಇಲ್ಲಿ ಸಂಶೋಧನೆ ಮತ್ತು ಚಿಕಿತ್ಸೆಗೆ ಸಮಪಾಲು. ತಜ್ಞವೈದ್ಯನಾಗುವ ಅರ್ಹತೆಯೂ ಸಂಶೋಧಕನಾಗುವ ಅರ್ಹತೆಯೂ ಜೊತೆಜೊತೆಯಾಗಿ ಸಾಗುವುದು ಈ ಮಾದರಿಯ ಅನುಕೂಲ.

ಭಾರತದಲ್ಲಿ

ಹಿನ್ನೆಲೆ

ಭಾರತದಲ್ಲಿ ರೋಗಿಗಳ ಸಂಖ್ಯೆ, ರೋಗಗಳ ವೈವಿಧ್ಯ ಎರಡೂ ಅಪಾರವಾಗಿದ್ದರೂ ವೈದ್ಯಕೀಯ ಕಾಲೇಜುಗಳಲ್ಲಿ ಸಂಶೋಧನೆ ವಿರಳ. 2005ರಿಂದ 2014ರವರೆಗಿನ ಪ್ರಕಟಣೆಗಳನ್ನು ಪರಿಶೀಲಿಸಿ ಸಮೀರನ್ ನಂದಿ ಮತ್ತು ಸಹೋದ್ಯೋಗಿಗಳು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 579 ವೈದ್ಯಕೀಯ ಸಂಸ್ಥೆಗಳಲ್ಲಿ ವರ್ಷಕ್ಕೆ ನೂರಕ್ಕಿಂತ ಹೆಚ್ಚು ಪ್ರಬಂಧ ಪ್ರಕಟಿಸಿದವು 25 ಮಾತ್ರ. 332 ಸಂಸ್ಥೆಗಳು, ಅಂದರೆ ಶೇಕಡಾ 57ಕ್ಕಿಂತ ಹೆಚ್ಚು, ಆ ಹತ್ತು ವರ್ಷಗಳಲ್ಲಿ ಒಂದು ಪ್ರಬಂಧವನ್ನೂ ಪ್ರಕಟಿಸಿರಲಿಲ್ಲ. ಖಾಸಗಿ ಕಾಲೇಜುಗಳು ಹೆಚ್ಚಾಗಿರುವ ಕರ್ನಾಟಕ ಮತ್ತು ಕೇರಳಗಳ ಸ್ಥಿತಿ ವಿಶೇಷವಾಗಿ ನಿರಾಶಾದಾಯಕವೆಂದು ಈ ಅಧ್ಯಯನ ಗುರುತಿಸಿತು.

ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರೌಢಪ್ರಬಂಧ ಸಲ್ಲಿಸುವುದು ಕಡ್ಡಾಯವಾದರೂ, ಪರೀಕ್ಷೆಯ ನಂತರ ಆ ಕೆಲಸ ಮುಂದುವರಿಯುವುದು ಅಪರೂಪ. ಬೋಧಕರ ಬಡ್ತಿಗೆ ಪ್ರಕಟಣೆಗಳನ್ನು ಅವಶ್ಯಕವೆಂದು ನಿಯಮಿಸಲಾಯಿತಾದರೂ ಪ್ರಕಟಣೆಗೆ ಬೇಕಾದ ಸಮಯವನ್ನು ನಿಯಮಿಸಲಿಲ್ಲ. ಇದರಿಂದ ಸಂಖ್ಯೆ ತುಂಬಿಸಲು ಬರೆಯುವ ಕಳಪೆ ಪ್ರಬಂಧಗಳು ಹೆಚ್ಚಿದವೆಂಬ ಟೀಕೆಯಿದೆ.

ಯೋಜನೆಗಳು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 1979ರಿಂದ ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಎರಡು ತಿಂಗಳ ಅಲ್ಪಾವಧಿ ಸಂಶೋಧನಾ ವಿದ್ಯಾರ್ಥಿವೇತನ ನೀಡುತ್ತಿದೆ. ಸಂಶೋಧನೆಯ ರುಚಿ ಹತ್ತಿಸುವುದು ಇದರ ಉದ್ದೇಶ. ವೈದ್ಯರು ಪಿಎಚ್.ಡಿ. ಪಡೆಯಲು ನೆರವಾಗುವ ಯೋಜನೆಗಳನ್ನೂ ಮಂಡಳಿ ನಡೆಸುತ್ತದೆ. ಮಂಡಳಿಗೆ ಸೇರಿದ ಚೆನ್ನೈನ ರಾಷ್ಟ್ರೀಯ ಸೋಂಕುಶಾಸ್ತ್ರ ಸಂಸ್ಥೆ ನಡೆಸುವ ಜೈವಿಕ ವೈದ್ಯಕೀಯ ಸಂಶೋಧನೆಯ ಮೂಲ ಪಠ್ಯಕ್ರಮವನ್ನು ಸ್ನಾತಕೋತ್ತರ ವೈದ್ಯಕೀಯ ವಿದ್ಯಾರ್ಥಿಗಳಿಗೆ ಕಡ್ಡಾಯ ಮಾಡಲಾಗಿದ್ದು, ಅದು ಅಂತರಜಾಲದ ಮೂಲಕ ಲಭ್ಯವಿದೆ. 2007ರಲ್ಲಿ ರಚನೆಯಾದ ಕೇಂದ್ರ ಆರೋಗ್ಯ ಸಂಶೋಧನಾ ಇಲಾಖೆಯ ಫೆಲೋಶಿಪ್‌ಗಳಲ್ಲಿ, ವೃತ್ತಿಯಿಂದ ಕೆಲಕಾಲ ದೂರವಿದ್ದು ಮರಳಿ ಬರುವ ಮಹಿಳಾ ವಿಜ್ಞಾನಿಗಳಿಗೆ ಪ್ರತ್ಯೇಕ ಅವಕಾಶವಿದೆ.

ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ 2008ರಲ್ಲಿ ಆರಂಭಿಸಿದ ಇಂಡಿಯಾ ಅಲಯನ್ಸ್ ಈ ಕ್ಷೇತ್ರದ ಪ್ರಮುಖ ಸಂಸ್ಥೆ. ಇದರ ಕಚೇರಿ ಹೈದರಾಬಾದಿನಲ್ಲಿದೆ. ಮೂಲ ವಿಜ್ಞಾನದ ಫೆಲೋಶಿಪ್‌ಗಳ ಜೊತೆಗೆ ಕ್ಲಿನಿಕಲ್ ಮತ್ತು ಸಾರ್ವಜನಿಕ ಆರೋಗ್ಯ ಸಂಶೋಧಕರಿಗೆ ಆರಂಭಿಕ, ಮಧ್ಯಮ ಹಾಗೂ ಹಿರಿಯ ಎಂಬ ಮೂರು ಹಂತಗಳಲ್ಲಿ ಪ್ರತ್ಯೇಕ ಫೆಲೋಶಿಪ್‌ಗಳನ್ನು ಇದು ಸ್ಥಾಪಿಸಿತು. ಯೋಜನೆಯ ಎರಡನೆಯ ಘಟ್ಟದಲ್ಲಿ ಹಲವು ಸಂಸ್ಥೆಗಳು ಒಟ್ಟಾಗಿ ನಡೆಸುವ ಕ್ಲಿನಿಕಲ್ ಸಂಶೋಧನಾ ಕೇಂದ್ರಗಳಿಗೂ ನೆರವು ಆರಂಭವಾಯಿತು. 2025ರ ಅಕ್ಟೋಬರಿನಲ್ಲಿ ಕೇಂದ್ರ ಸಚಿವ ಸಂಪುಟ ಮೂರನೆಯ ಘಟ್ಟಕ್ಕೆ ಒಪ್ಪಿಗೆ ನೀಡಿತು. ಇದರ ಒಟ್ಟು ಮೊತ್ತ 1,500 ಕೋಟಿ ರೂಪಾಯಿ. ಅದರಲ್ಲಿ 1,000 ಕೋಟಿ ಜೈವಿಕ ತಂತ್ರಜ್ಞಾನ ಇಲಾಖೆಯದು, 500 ಕೋಟಿ ವೆಲ್‌ಕಮ್ ಟ್ರಸ್ಟಿನದು.

ಕರ್ನಾಟಕದಲ್ಲಿ

ಬೆಂಗಳೂರಿನ ನಿಮ್ಹಾನ್ಸ್ ಮತ್ತು ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಗಳು ಚಿಕಿತ್ಸೆ ಮತ್ತು ಸಂಶೋಧನೆ ಒಂದೇ ಆವರಣದಲ್ಲಿ ನಡೆಯುವ ಸಂಸ್ಥೆಗಳಿಗೆ ಉದಾಹರಣೆ. ಮೊದಲನೆಯದು ಮನೋವೈದ್ಯ ಮತ್ತು ನರವಿಜ್ಞಾನಕ್ಕೂ, ಎರಡನೆಯದು ಪೌಷ್ಟಿಕತೆ ಹಾಗೂ ಸಾರ್ವಜನಿಕ ಆರೋಗ್ಯದ ಅಧ್ಯಯನಗಳಿಗೂ ಹೆಸರಾಗಿವೆ. ರಾಜ್ಯದ ವೈದ್ಯಕೀಯ ಕಾಲೇಜುಗಳಿಗೆ ಸಂಯೋಜನೆ ನೀಡುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ಬೋಧಕರ ಸಂಶೋಧನೆಗೆ ಅನುದಾನ ನೀಡುತ್ತದೆ.

ಭಾರತೀಯ ವಿಜ್ಞಾನ ಸಂಸ್ಥೆ 2022ರಲ್ಲಿ ತನ್ನ ಆವರಣದಲ್ಲಿ ಸ್ನಾತಕೋತ್ತರ ವೈದ್ಯಕೀಯ ಶಾಲೆ ಹಾಗೂ ಸುಮಾರು 800 ಹಾಸಿಗೆಗಳ ಆಸ್ಪತ್ರೆ ಸ್ಥಾಪಿಸುವುದಾಗಿ ಪ್ರಕಟಿಸಿತು. ಸುಸ್ಮಿತಾ ಮತ್ತು ಸುಬ್ರತೋ ಬಾಗ್ಚಿ ಹಾಗೂ ರಾಧಾ ಮತ್ತು ಎನ್. ಎಸ್. ಪಾರ್ಥಸಾರಥಿ ದಂಪತಿಗಳು ಇದಕ್ಕಾಗಿ 425 ಕೋಟಿ ರೂಪಾಯಿ ದಾನ ನೀಡಿದರು. ಎಂ.ಡಿ.-ಪಿಎಚ್.ಡಿ. ಸಂಯುಕ್ತ ಪದವಿಯ ಮೂಲಕ ವೈದ್ಯ-ವಿಜ್ಞಾನಿಗಳನ್ನು ತಯಾರುಮಾಡುವುದು ಈ ಶಾಲೆಯ ಘೋಷಿತ ಗುರಿ.

ಫಲಿತಾಂಶಗಳು

ಎನ್‌ಐಎಚ್ 2011ರಲ್ಲಿ ಪ್ರಕಟಿಸಿದ ಮೌಲ್ಯಮಾಪನದಲ್ಲಿ, ಕೆ-ಅನುದಾನ ಪಡೆದವರನ್ನು ಸಮಾನ ಅಂಕಗಳಿದ್ದರೂ ಅನುದಾನ ಸಿಗದವರೊಂದಿಗೆ ಹೋಲಿಸಲಾಯಿತು. ಪಡೆದವರು ಮುಂದೆ ಸಂಶೋಧನೆಯಲ್ಲಿ ಉಳಿಯುವ ಹಾಗೂ ಸ್ವತಂತ್ರ ಅನುದಾನ ಗಳಿಸುವ ಸಾಧ್ಯತೆ ಹೆಚ್ಚೆಂದು ಕಂಡುಬಂದಿತು. ಆದರೂ ಅರ್ಧಕ್ಕಿಂತ ಹೆಚ್ಚು ಮಂದಿ ಆರ್01 ತಲುಪುವುದಿಲ್ಲ. ರೇಷ್ಮಾ ಜಗ್ಸಿ ಮತ್ತು ಸಹೋದ್ಯೋಗಿಗಳು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆ08 ಅಥವಾ ಕೆ23 ಪಡೆದು ಹತ್ತು ವರ್ಷವಾಗುವ ವೇಳೆಗೆ ಆರ್01 ಗಳಿಸಿದವರ ಪ್ರಮಾಣ ಪುರುಷರಲ್ಲಿ ಶೇಕಡಾ 45.6, ಮಹಿಳೆಯರಲ್ಲಿ ಶೇಕಡಾ 36.2 ಆಗಿತ್ತು. ಒಂದೇ ಸ್ಪರ್ಧೆಯಲ್ಲಿ ಗೆದ್ದು ಒಂದೇ ನೆರವು ಪಡೆದವರ ನಡುವಿನ ಈ ಅಂತರ ವ್ಯಾಪಕ ಚರ್ಚೆಗೆ ಕಾರಣವಾಯಿತು.

ಈ ಅಂತರಕ್ಕೆ ಪ್ರತಿಕ್ರಿಯೆಯಾಗಿ ಕುಟುಂಬದ ಆರೈಕೆಯ ಹೊಣೆ ಹೊತ್ತವರಿಗೆ ಪ್ರತ್ಯೇಕ ನೆರವು ರೂಪುಗೊಂಡಿತು. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆ 1990ರ ದಶಕದ ಕೊನೆಯಿಂದಲೇ ಮಕ್ಕಳ ಪಾಲನೆಯ ಹೊಣೆಯಿರುವ ಮಹಿಳಾ ಸಂಶೋಧಕರಿಗೆ ಸಣ್ಣ ಅನುದಾನ ನೀಡುತ್ತಿತ್ತು. ಡೋರಿಸ್ ಡ್ಯೂಕ್ ಪ್ರತಿಷ್ಠಾನ 2015ರಲ್ಲಿ ಹತ್ತು ವೈದ್ಯಕೀಯ ಶಾಲೆಗಳಲ್ಲಿ ಇಂತಹ ನಿಧಿಯನ್ನು ಆರಂಭಿಸಿತು. ಈ ಹಣದಿಂದ ಸಂಶೋಧನಾ ಸಹಾಯಕರನ್ನೋ ಅಂಕಿಅಂಶ ವಿಶ್ಲೇಷಕರನ್ನೋ ನೇಮಿಸಿಕೊಂಡರೆ, ಮಗುವಿನ ಅಥವಾ ವೃದ್ಧರ ಆರೈಕೆಯಲ್ಲಿರುವಾಗಲೂ ಅಧ್ಯಯನ ನಿಲ್ಲುವುದಿಲ್ಲ. 2020ರಿಂದ ಎನ್‌ಐಎಚ್ ಕೂಡ ಹೆರಿಗೆ, ದತ್ತು ಸ್ವೀಕಾರ, ಆರೈಕೆಯಂತಹ ಸಂದರ್ಭಗಳಲ್ಲಿ ಕೆ-ಅನುದಾನಿತರಿಗೆ ಪೂರಕ ಹಣ ನೀಡಲಾರಂಭಿಸಿತು.

ಟೀಕೆಗಳು

ಮೊದಲನೆಯ ಟೀಕೆ ವಿಳಂಬವನ್ನು ಕುರಿತದ್ದು. ಅಮೆರಿಕದಲ್ಲಿ ಮೊದಲ ಆರ್01 ಪಡೆಯುವವರ ಸರಾಸರಿ ವಯಸ್ಸು 1980ರ ಸುಮಾರಿಗೆ ಮೂವತ್ತರ ನಡುಘಟ್ಟವನ್ನು ಸ್ವಲ್ಪ ದಾಟಿದ್ದರೆ, 2010ರ ದಶಕದಲ್ಲಿ 42ನ್ನು ಮೀರಿತ್ತು. ವೈದ್ಯರಲ್ಲಿ ಇನ್ನೂ ಹೆಚ್ಚು. ತರಬೇತಿಯ ಹಂತಗಳನ್ನು ಹೆಚ್ಚಿಸುತ್ತಾ ಹೋಗುವುದರಿಂದ ಸ್ವಾತಂತ್ರ್ಯ ಇನ್ನಷ್ಟು ದೂರವಾಗುತ್ತದೆ ಎಂದು ಕೆಲವರು ವಾದಿಸುತ್ತಾರೆ.

ಎರಡನೆಯದು ವೇತನದ ಮಿತಿ. ಹಲವು ಉಪಸಂಸ್ಥೆಗಳಲ್ಲಿ ಕೆ-ಅನುದಾನದ ವೇತನ ಭಾಗಕ್ಕೆ ವಾರ್ಷಿಕ ಸುಮಾರು 1,00,000 ಡಾಲರ್‌ಗಳ ಮಿತಿಯಿದೆ. ಶಸ್ತ್ರಚಿಕಿತ್ಸೆ, ಹೃದ್ರೋಗ ಮುಂತಾದ ವಿಭಾಗಗಳ ವೈದ್ಯರ ವೇತನದ ಮುಕ್ಕಾಲು ಭಾಗಕ್ಕೆ ಇದು ಸಾಲದು. ವ್ಯತ್ಯಾಸವನ್ನು ಸಂಸ್ಥೆಯೇ ತುಂಬಬೇಕಾದುದರಿಂದ ಬಡ ಸಂಸ್ಥೆಗಳು ಅಭ್ಯರ್ಥಿಗಳನ್ನು ಮುಂದೆ ತರಲು ಹಿಂಜರಿಯುತ್ತವೆ. ಅನುದಾನಗಳು ಕೆಲವೇ ಸಿರಿವಂತ ವಿಶ್ವವಿದ್ಯಾಲಯಗಳಲ್ಲಿ ಕೇಂದ್ರೀಕೃತವಾಗುತ್ತವೆ.

ಮೂರನೆಯದು ಸಾಮಾಜಿಕ ಅಸಮಾನತೆ. ಡೊನ್ನಾ ಗಿಂತರ್ ಮತ್ತು ಸಹೋದ್ಯೋಗಿಗಳು 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ, ಶಿಕ್ಷಣ, ಪ್ರಕಟಣೆ ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಕಪ್ಪು ವರ್ಣೀಯ ಅರ್ಜಿದಾರರಿಗೆ ಎನ್‌ಐಎಚ್ ಅನುದಾನ ದೊರೆಯುವ ಸಾಧ್ಯತೆ ಬಿಳಿಯರಿಗಿಂತ ಸುಮಾರು ಹತ್ತು ಶೇಕಡಾಂಶ ಕಡಿಮೆಯೆಂದು ತೋರಿಸಿತು.

ಭಾರತದ ಸಂದರ್ಭದಲ್ಲಿ ಮುಖ್ಯ ಪ್ರಶ್ನೆ ಸಂಸ್ಥೆಗಳ ಬದ್ಧತೆಯದು. ಫೆಲೋಶಿಪ್ ಮುಗಿದ ನಂತರ ವೈದ್ಯನು ಮರಳುವ ಕಾಲೇಜಿನಲ್ಲಿ ಸಂಶೋಧನೆಗೆ ಮೀಸಲು ಸಮಯವಾಗಲಿ, ವೈದ್ಯ-ವಿಜ್ಞಾನಿಗೆಂದೇ ನಿಗದಿಯಾದ ಹುದ್ದೆಯಾಗಲಿ ಸಾಮಾನ್ಯವಾಗಿ ಇರುವುದಿಲ್ಲ. ಹೊರರೋಗಿ ವಿಭಾಗದ ಮುಂದೆ ಸಾಲುಗಟ್ಟಿ ನಿಂತ ಜನರನ್ನು ಬಿಟ್ಟು ಸಂಶೋಧನೆಗೆ ಹೋಗುವುದು ಸರಿಯೇ ಎಂಬ ನೈತಿಕ ಸಂದಿಗ್ಧವೂ ವೈದ್ಯನನ್ನು ಕಾಡುತ್ತದೆ. ಸಂಶೋಧನೆಯ ಸಮಯವೂ ಅಂತಿಮವಾಗಿ ಅದೇ ಸಾಲಿನಲ್ಲಿರುವವರಿಗೆ ಸಲ್ಲುತ್ತದೆ ಎಂಬುದು ಇಂತಹ ನೆರವನ್ನು ಸಮರ್ಥಿಸುವವರ ವಾದ. ಓಆರ್‌ಎಸ್ ದ್ರಾವಣದ ಚರಿತ್ರೆ ಅದಕ್ಕೆ ಆಧಾರವಾಗಿ ನಿಲ್ಲುತ್ತದೆ.

ಇವನ್ನೂ ನೋಡಿ

ಕ್ಲಿನಿಕಲ್ ಪ್ರಯೋಗ
ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ
ನಿಮ್ಹಾನ್ಸ್
ಭಾರತೀಯ ವಿಜ್ಞಾನ ಸಂಸ್ಥೆ
ದಿಲೀಪ್ ಮಹಲನೊಬಿಸ್